ಕೇಳಿ ಬಿಟ್ಟ ಜಾಗ

ನಮ್ಮ ತಾಯಿಯವರು ಪಾಡ್‌ಕಾಸ್ಟ್ ಕೇಳುತ್ತಿದ್ದ ಸೇವೆಯೊಂದು ಮುಚ್ಚಿತು. ಸರಣಿಗಳೇನೋ ಬೇರೆಡೆ ಸಿಕ್ಕವು. ಅರ್ಧ ಕೇಳಿ ಬಿಟ್ಟ ಜಾಗಗಳು ಅಳಿಸಿಹೋದವು. ಅವರಿಗೆ ಬೇಕಾಗಿದ್ದುದು ಅದೇ.

ಪಾಡ್‌ಕಾಸ್ಟಿನ ಬೇರು ಆರ್‌ಎಸ್‌ಎಸ್ ಎಂಬ ಬಹಿರಂಗ ಪಟ್ಟಿ. ಧ್ವನಿ ಕಡತದ ವಿಳಾಸ ಅದರಲ್ಲಿರುತ್ತದೆ. ಯಾವ ತಂತ್ರಾಂಶವೂ ಅದನ್ನು ಓದಬಹುದು. ಹಾಗಾಗಿ ಮನೆಯ ಹಳೆಯ ಕಂಪ್ಯೂಟರಿಗೆ ಆಡಿಯೋಬುಕ್‌ಶೆಲ್ಫ್ ಎಂಬ ಮುಕ್ತ ತಂತ್ರಾಂಶ ಹಾಕಿದೆ. ಹೊಸ ಕಂತನ್ನು ತಾನೇ ಇಳಿಸಿಡುತ್ತದೆ. ಯಾರು ಎಲ್ಲಿಯವರೆಗೆ ಕೇಳಿದರೆಂಬುದನ್ನು ಬೇರೆಬೇರೆಯಾಗಿ ನೆನಪಿಡುತ್ತದೆ. 128 ಕಿಲೋಬಿಟ್ ದರದಲ್ಲಿ ಗಂಟೆಯ ಮಾತಿಗೆ ಸುಮಾರು 58 ಮೆಗಾಬೈಟ್ ಸಾಕು.

ಚಂದಾ ಪಟ್ಟಿಯನ್ನು ಒಪಿಎಂಎಲ್ ಕಡತವಾಗಿ ಹೊರತೆಗೆಯಬಹುದೇ ಎಂಬುದನ್ನು ಮೊದಲೇ ನೋಡಿಕೊಂಡೆ. ಬ್ಯಾಕಪ್ ಮಾತ್ರ ಇನ್ನು ನನ್ನ ತಲೆನೋವು. ಡಿಸ್ಕ್ ಕೆಟ್ಟರೆ ದೂರಲು ಬೇರೆ ಯಾರೂ ಇಲ್ಲ. ತಾಯಿಯವರು ಅಡುಗೆಮನೆಯಲ್ಲಿ ಬಿಟ್ಟದ್ದನ್ನು ಈಗ ಜಗಲಿಯಲ್ಲಿ ಮುಂದುವರಿಸುತ್ತಾರೆ.