ಹರದನಹಳ್ಳಿಗೆ ಪ್ರಶ್ನೆ ಹೊತ್ತು ಬನ್ನಿ

ಗುಂಡ್ಲುಪೇಟೆಯ ಹೊಲಗಳಲ್ಲಿ ಆಡಿ ಬೆಳೆದ ಗೆಳೆಯರೇ, ಚಾಮರಾಜನಗರದ ಕೆಮ್ಮಣ್ಣು ತುಳಿದ ಗೆಳತಿಯರೇ, ನಮ್ಮ ರಸ್ತೆಬದಿಯ ಸೂರ್ಯಕಾಂತಿ, ಚೆಂಡುಹೂವಿನ ಮುಂದೆ ಕಾರು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುವವರಿಗೆ ಲೆಕ್ಕವಿಲ್ಲ. ಆ ಹೂವಿಗೆ ಬೆಲೆ ಕಟ್ಟುವವರು ಯಾರು? ಬಾಳೆ ಸೊರಗಿದಾಗ, ಅರಿಶಿನದ ಗಡ್ಡೆ ಕೊಳೆತಾಗ ನಾವು ಮೊದಲು ಓಡುವುದು ಎಲ್ಲಿಗೆ? ಗೊಬ್ಬರದಂಗಡಿಗೆ ತಾನೇ?

ಮಣ್ಣಿನ ಪ್ರಶ್ನೆಗೆ ಮಣ್ಣಿನಲ್ಲೇ ಉತ್ತರ ಹುಡುಕುವ ಕೆಲಸ ಈ ನಾಡಿಗೆ ಹೊಸತಲ್ಲ. 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಬೆಂಗಳೂರಿನ ಹೆಬ್ಬಾಳದಲ್ಲಿ 30 ಎಕರೆ ಕೊಟ್ಟರು. ಅಲ್ಲಿ ಪ್ರಯೋಗ ಕ್ಷೇತ್ರ ಎದ್ದಿತು. 1913ರಲ್ಲಿ ಶಾಲೆ, 1946ರಲ್ಲಿ ಕಾಲೇಜು, 1964ರಲ್ಲಿ ಕೃಷಿ ವಿಶ್ವವಿದ್ಯಾಲಯ. ಇಸವಿಗಳನ್ನು ಮರೆತರೂ ಚಿಂತೆಯಿಲ್ಲ, ರಾಗಿ ಲಕ್ಷ್ಮಣಯ್ಯನವರನ್ನು ಮರೆಯಬೇಡಿ. ರಾಗಿಯ ಹೂವು ಕಣ್ಣಿಗೆ ಸಿಕ್ಕದಷ್ಟು ಚಿಕ್ಕದು. ತನ್ನ ಪರಾಗಕ್ಕೆ ತಾನೇ ಕಾಳು ಕಟ್ಟುವಂಥದ್ದು. ಅಂಥ ಹೂವನ್ನು ಒಲಿಸಿಕೊಂಡು, ಆಫ್ರಿಕಾದ ರಾಗಿಯನ್ನು ನಮ್ಮ ರಾಗಿಯೊಡನೆ ಕೂಡಿಸಿ, ಮಂಡ್ಯದ ವಿ.ಸಿ. ಫಾರಂನಲ್ಲಿ ಬೆಳೆಸಿ, ಹೆಚ್ಚು ಇಳುವರಿಯ ಇಂಡಾಫ್ ತಳಿಗಳನ್ನು ಅವರು ರೈತರ ಕೈಗಿಟ್ಟರು. ಬಡವರ ಮುದ್ದೆ ದೊಡ್ಡದಾಯಿತು!

ಆ ಪರಂಪರೆ ಈಗ ನಮ್ಮ ಹರದನಹಳ್ಳಿಗೇ ಬಂದಿದೆ. ಎಡೆಯೂರು ಸಿದ್ಧಲಿಂಗರು ಹುಟ್ಟಿದ ಊರಿನಲ್ಲಿ, ಅದೇ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಆರಂಭಿಸಿದ ಕೃಷಿ ಕಾಲೇಜು ಪಾಠ ಹೇಳುತ್ತಿದೆ. ಅಲ್ಲಿ ಯಾರು ಕೂರಬೇಕು? ಕೃಷಿ ಪದವಿ ಪಡೆದು ಬ್ಯಾಂಕಿಗೋ ಕೆಎಎಸ್‌ಗೋ ಹೋಗುವವರ ಮೇಲೆ ನನಗೆ ಸಿಟ್ಟಿಲ್ಲ, ಮನೆಯ ಸಾಲವೂ ತೀರಬೇಕಲ್ಲ. ಆದರೆ ಎಲ್ಲರೂ ಹೊರಟುಬಿಟ್ಟರೆ, ಆನೆ ಹಂದಿ ನುಗ್ಗುವ ಬಂಡೀಪುರದಂಚಿನ ಹೊಲಕ್ಕೆ ಹೊಂದುವ ಬೆಳೆಯನ್ನು ಯಾರು ಹುಡುಕಬೇಕು? ಕೊಳವೆಬಾವಿ ಬತ್ತಿದ ತೋಟಕ್ಕೆ ದಾರಿಯನ್ನು ಯಾರು ತೋರಬೇಕು? ರಾತ್ರಿಯಿಡೀ ಅಟ್ಟಣೆಯ ಮೇಲೆ ಕಾವಲು ಕೂತವರ ಮಕ್ಕಳಿಗಿಂತ ಆ ಹೊಲದ ಸಂಕಟ ಬಲ್ಲವರು ಇನ್ನಾರು?

ನೀವೇ. ನಾವೇ.

ಪಿಯುಸಿಯಲ್ಲಿ ವಿಜ್ಞಾನ ಓದುತ್ತಿರುವವರೇ, ಕೃಷಿಕರ ಮಕ್ಕಳಿಗೆಂದೇ ಮೀಸಲು ಸೀಟುಗಳಿವೆ. ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆ. ಬೀಜ, ಬೆಳೆ, ಹೊಲದ ಕೆಲಸ ಗೊತ್ತಿದೆಯೇ ಎಂದು ನೋಡುತ್ತಾರೆ. ಅದನ್ನು ನಿಮಗೆ ಯಾರಾದರೂ ಹೇಳಿಕೊಡಬೇಕೇ? ಓದು ಅರ್ಧಕ್ಕೆ ನಿಲ್ಲಿಸಿದವರೂ ಹಿಂಜರಿಯಬೇಡಿ, ಹರದನಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವೂ ಇದೆ. ಕೊಳೆತ ಗಡ್ಡೆಯನ್ನು ಬುಡದ ಮಣ್ಣಿನ ಸಮೇತ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿ. ಇದು ಯಾಕೆ ಕೊಳೆಯಿತು ಎಂದು ಕೇಳಿ. ಉತ್ತರ ಸಾಲದಿದ್ದರೆ ಮತ್ತೆ ಕೇಳಿ.