ಸೀಸೆಯ ಎಲೆ, ಬಿಸಿಲಿನ ಎಲೆ
(ಶಾಲಾ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ನಮ್ಮ ಪಾಲಮಲೆಯ ಮಗ್ಗುಲಲ್ಲಿಯೇ 1934ರಲ್ಲಿ ಪೂರ್ಣಗೊಂಡ ಮೆಟ್ಟೂರು ಜಲಾಶಯವಿದೆ. ಅದರ ಕೆಳಗೆ, ಕಾವೇರಿಯ ನೀರುಂಡ ಭೂಮಿಯಲ್ಲಿ, ಬಾಳೆಯ ತೋಟಗಳುಂಟು. ಇಂದು ಅನೇಕ ರೈತರು ಬಾಳೆಕಂದನ್ನು ನೆಡುವುದರ ಬದಲು ಪ್ರಯೋಗಾಲಯದಲ್ಲಿ ಬೆಳೆಸಿದ ಅಂಗಾಂಶ ಕೃಷಿಯ ಸಸಿಗಳನ್ನು ಹಣ ತೆತ್ತು ತರುತ್ತಾರೆ. ಹದಗೊಳ್ಳದ ಸಸಿಯನ್ನು ಬಿಸಿಲಿಗೆ ನೆಟ್ಟರೆ ಅದು ಕೆಲವೇ ದಿನಗಳಲ್ಲಿ ಬಾಡಿ, ತೆತ್ತ ಹಣವು ಮಣ್ಣುಪಾಲಾಗುತ್ತದೆ. ಇದಕ್ಕೆ ಕಾರಣವು ಎಲೆಯ ರಚನೆಯಲ್ಲಿದೆ.

ಸೀಸೆಯೊಳಗಿನ ಸಸಿಗೆ ಯಾವ ಕೊರತೆಯೂ ಇಲ್ಲ. 1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು ಪ್ರಕಟಿಸಿದ ಲವಣಮಿಶ್ರಣವು ಅದಕ್ಕೆ ಆಹಾರ. ಲೀಟರಿಗೆ ಸುಮಾರು 30 ಗ್ರಾಂ ಸಕ್ಕರೆಯೂ ಸೇರಿರುತ್ತದೆ. ಗಾಳಿಯು ತೇವದಿಂದ ತುಂಬಿರುತ್ತದೆ, ಬೆಳಕು ಮಂದವಾಗಿರುತ್ತದೆ. ಆದಕಾರಣ ಎಲೆಯ ಮೇಲಿನ ಮೇಣದ ಲೇಪವು ತೀರ ತೆಳುವಾಗಿರುತ್ತದೆ. ಪತ್ರರಂಧ್ರಗಳು ತೆರೆದೇ ಇರುತ್ತವೆ. ಒಣಗಾಳಿ ಸೋಕಿದರೂ ಸರಿಯಾಗಿ ಮುಚ್ಚಿಕೊಳ್ಳಲಾರವು. ಬೆಳಕನ್ನು ಹಿಡಿದು ಆಹಾರವನ್ನು ತಯಾರಿಸುವ ಕಂಬದಾಕಾರದ ಕೋಶಗಳು ಚೆನ್ನಾಗಿ ಬೆಳೆದಿರುವುದಿಲ್ಲ. ಬೇರುಗಳೂ ದುರ್ಬಲ. ಇಂಥ ಸಸಿಯು ಹೊರಬಂದೊಡನೆ ಎಲೆಯಿಂದ ಆವಿಯಾಗಿ ಹೋಗುವಷ್ಟು ನೀರನ್ನು ಬೇರು ಒದಗಿಸಲಾರದು.

ಇಲ್ಲಿ ಒಂದು ವಿಷಯವನ್ನು ನಾವೆಲ್ಲರೂ ಗಮನಿಸಬೇಕು. ಸೀಸೆಯಲ್ಲಿ ಬಲಿತ ಎಲೆಯು ಹೊರಗೆ ಬಂದ ಮೇಲೆ ಬಹುಮಟ್ಟಿಗೆ ಬದಲಾಗುವುದಿಲ್ಲ. ಬದಲಾಗುವುದು ಅನಂತರ ಮೂಡುವ ಹೊಸ ಎಲೆ. ಅದು ದಪ್ಪನಾಗಿ, ಮೇಣವನ್ನು ಹೊದ್ದು, ಬೇಕಾದಾಗ ಮುಚ್ಚಬಲ್ಲ ರಂಧ್ರಗಳೊಡನೆ ಹುಟ್ಟುತ್ತದೆ. ಹಳೆಯ ಎಲೆಯ ಕೆಲಸವೆಂದರೆ ಹೊಸ ಎಲೆ ಬರುವವರೆಗೆ ಸಸಿಯನ್ನು ಉಳಿಸುವುದು.

ಆದುದರಿಂದಲೇ ಸಸಿಗಳನ್ನು ಮೊದಲು ತೆಂಗಿನ ನಾರಿನ ಪುಡಿಯಲ್ಲಿ ನೆಟ್ಟು, ತೇವ ತುಂಬಿದ ಗೂಡಿನಲ್ಲಿ ನಾಲ್ಕಾರು ವಾರ ಇಡುತ್ತಾರೆ. ತೇವವನ್ನು ಮೆಲ್ಲಮೆಲ್ಲನೆ ತಗ್ಗಿಸುತ್ತಾರೆ. ಅನಂತರ ಮಣ್ಣಿನ ಚೀಲಗಳಿಗೆ ಬದಲಿಸಿ, ನೆರಳುಪರದೆಯ ಕೆಳಗೆ ಮತ್ತೆ ಕೆಲವು ವಾರ ಬೆಳೆಸುತ್ತಾರೆ. ಕೊಳ್ಳುವವರು ಸಸಿಯು ಸುಮಾರು ಒಂದಡಿ ಎತ್ತರವಿದೆಯೇ, ಹೊರಗೆ ಮೂಡಿದ ಐದಾರು ಹಸನಾದ ಎಲೆಗಳಿವೆಯೇ ಎಂದು ನೋಡಿಕೊಳ್ಳತಕ್ಕದ್ದು. ಬೆಲೆ ಕಡಿಮೆಯೆಂದು ಎಳೆಯ ಸಸಿಯನ್ನು ತಂದವರು ನೆರಳಿಗೂ ನೀರಿಗೂ ಏರ್ಪಾಡು ಮಾಡದೆ ನೆಡಬಾರದು.

ಪೋಷಕರಲ್ಲಿ ಮತ್ತೊಂದು ಬಿನ್ನಹ. ನಮ್ಮ ಶಾಲೆಯನ್ನು ಬಿಟ್ಟು ದೂರದ ಊರಿನ ಕಾಲೇಜನ್ನು ಸೇರುವ ಮಕ್ಕಳು ಮೊದಲ ಕೆಲವು ತಿಂಗಳು ಬಾಡಿದಂತೆ ಕಂಡರೆ, ಕೂಡಲೇ ಅವರನ್ನು ಮನೆಗೆ ಕರೆತರಬೇಡಿರಿ. ಆಗಾಗ ಹೋಗಿ ಕಂಡು ಬನ್ನಿರಿ.