ಪ್ಲಸ್ ಪ್ಲಸ್ ಅಂದ್ರೆ ಎಷ್ಟು ಸ್ವಾಮಿ?

ಪಾಂಡವಪುರ, ನಾಗಮಂಗಲ, ಕೆ.ಆರ್. ಪೇಟೆ, ಶ್ರೀರಂಗಪಟ್ಟಣದ ಕಡೆಯವರು ಗುಂಪು ಕಟ್ಟಿಕೊಂಡು ಬ್ಯಾಂಕಾಕು, ಸಿಂಗಪುರ, ದುಬೈ ಅಂತ ಹೊರಡೋದು ಈಗ ಸುದ್ದಿಯೇ ಅಲ್ಲ. ಚೀಟಿ ಎತ್ತಿದ ದುಡ್ಡು, ಕಬ್ಬಿನ ದುಡ್ಡು, ಬೆಂಗಳೂರಲ್ಲಿರೋ ಮಗ ಕಳಿಸಿದ ದುಡ್ಡು. ವೀಸಾ, ವಿಮಾನ, ರೂಮು ಎಲ್ಲಾ ಕೆದಕಿ ಕೆದಕಿ ಕೇಳ್ತಾರೆ. ಊಟದ ವಿಚಾರಕ್ಕೆ ಬಂದಾಗ ಏಜೆಂಟು ‘ಇಂಡಿಯನ್ ಫುಡ್ ಇದೆ ಬಿಡಿ ಅಣ್ಣ’ ಅಂದ್ರೆ ಮುಗೀತು, ಮುಂದಿನ ಪ್ರಶ್ನೆಯೇ ಇಲ್ಲ.

ಇಂಡಿಯನ್ ಫುಡ್ ಅಂದ್ರೆ ಏನು? ಬಹಳಷ್ಟು ಸಲ ಪನೀರು, ದಾಲು, ನಾನ್. ದಿನಾ ಎರಡು ಹೊತ್ತೂ ಅದೇ. ಅರವತ್ತು ವರ್ಷ ಮುದ್ದೆ, ಬಸ್ಸಾರು ಉಂಡ ಜೀವಕ್ಕೆ ಅದು ಇಳಿಯಲ್ಲ. ಸಕ್ಕರೆ ಕಾಯಿಲೆಯವರು ಮಾತ್ರೆ ನುಂಗಿ ಊಟ ಬಿಟ್ಟು ಮಲಗಿದರೆ ಗತಿ ಏನು? ಪರದೇಶದ ಆಸ್ಪತ್ರೆ ಬಿಲ್ಲು ನೆನೆಸಿಕೊಳ್ಳಿ. ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡು ಹೋಗೋ ಅಮ್ಮಂದಿರನ್ನು ನೋಡಿ ನಗೋರಿದ್ದಾರೆ. ನಾನಂತೂ ನಗಲ್ಲ.

ಇನ್ನು ಬಿಲ್ಲು. ಸಿಂಗಪುರದ ಹೋಟೆಲುಗಳ ದರಪಟ್ಟಿಯಲ್ಲಿ ಬೆಲೆಯ ಪಕ್ಕ ಎರಡು ಪ್ಲಸ್ ಚಿಹ್ನೆ ಇರುತ್ತೆ. ಒಂದು ಶೇ. 10 ಸೇವಾ ಶುಲ್ಕ. ಇನ್ನೊಂದು ಜಿಎಸ್‌ಟಿ, 2024ರ ಜನವರಿಯಿಂದ ಶೇ. 9. ಎಂಜಿನಿಯರಿಂಗ್ ಓದಿದ ಚಾಳಿ, ಲೆಕ್ಕ ಹಾಕದೆ ಬಿಡಲ್ಲ: 20 ಡಾಲರಿನ ಊಟಕ್ಕೆ ಸೇವಾ ಶುಲ್ಕ ಸೇರಿ 22, ಅದರ ಮೇಲೆ ತೆರಿಗೆ ಸೇರಿ 23 ಡಾಲರ್ 98 ಸೆಂಟ್. ನಮ್ಮ ದೇಶದಲ್ಲಿ ಸೇವಾ ಶುಲ್ಕವನ್ನು ತಾನಾಗಿ ಬಿಲ್ಲಿಗೆ ಸೇರಿಸುವಂತಿಲ್ಲ ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿತು, ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಎತ್ತಿಹಿಡಿಯಿತು. ಆ ಧೈರ್ಯದಲ್ಲಿ ಅಲ್ಲಿ ಕೌಂಟರಿನಲ್ಲಿ ಜಗಳಕ್ಕೆ ನಿಂತರೆ ನಡೆಯಲ್ಲ.

ಅಗ್ಗಕ್ಕೆ ಉಣ್ಣಬೇಕು ಅಂದ್ರೆ ಹಾಕರ್ ಸೆಂಟರ್ ಇವೆ. ಆದರೆ ತಿಂದ ತಟ್ಟೆ ಮೇಜಿನ ಮೇಲೆ ಬಿಟ್ಟು ಎದ್ದು ಬರೋ ಹಾಗಿಲ್ಲ. 2021ರ ಸೆಪ್ಟೆಂಬರಿನಿಂದ ಅದು ಅಪರಾಧ. ಮೊದಲ ಸಲ ಲಿಖಿತ ಎಚ್ಚರಿಕೆ, ಎರಡನೇ ಸಲ 300 ಡಾಲರ್ ದಂಡ. ಥಾಯ್ಲೆಂಡಿನಲ್ಲಿ ಬೇರೆಯದೇ ಕಥೆ. ತರಕಾರಿ ಸಾರೇ ಇರಬಹುದು, ಅದಕ್ಕೂ ಮೀನಿನ ಸಾಸು ಬಿದ್ದಿರುತ್ತೆ. ಸಸ್ಯಾಹಾರಿಗಳು ‘ಜೇ’ ಅಂತ ಕೇಳಬೇಕು, ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದ ಅಂಗಡಿ ಹುಡುಕಬೇಕು. ಮೊಟ್ಟೆ, ಹಾಲೂ ಇರಲ್ಲ ಅದರಲ್ಲಿ.

ಪರದೇಶದ ಹೋಟೆಲಿಗೆ ಹೋಗಿ ಬರೀ ಉಂಡು ಬಂದವರಷ್ಟೇ ಅಲ್ಲ ನಮ್ಮೋರು. ಎಂಟಿಆರ್‌ನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳು ನಡೆಯೋ ರೀತಿ ನೋಡಿದರು. ರುಚಿಗಿಂತ ಅವರ ಕಣ್ಣಿಗೆ ಬಿದ್ದಿದ್ದು ಶುಚಿ, ಶಿಸ್ತು. ವಾಪಸ್ ಬಂದು ಪಾತ್ರೆಗಳನ್ನು ಕುದಿಯೋ ನೀರಲ್ಲಿ ತೊಳೆಸೋ ಮಟ್ಟಕ್ಕೆ ತಮ್ಮ ಅಡುಗೆಮನೆಯನ್ನೇ ಬದಲಾಯಿಸಿದರು. ಅದೇ ಎಂಟಿಆರ್ ಇವತ್ತು ಸಿಂಗಪುರದ ಸೆರಂಗೂನ್ ರಸ್ತೆಯಲ್ಲಿ ರವೆ ಇಡ್ಲಿ ಬಡಿಸ್ತಾ ಇದೆ.

ಹಾಗಾಗಿ ಏಜೆಂಟಿಗೆ ಮುಂಗಡ ಕೊಡೋ ಮುಂಚೆ ಒಂದು ಹಾಳೆ ಕೇಳಿ ಈಸ್ಕೊಳ್ಳಿ. ಯಾವ ದಿನ, ಯಾವ ಹೋಟೆಲು, ತಟ್ಟೆಯಲ್ಲಿ ಏನೇನು, ನೀರಿನ ಬಾಟಲಿ ದುಡ್ಡು ಯಾರದ್ದು. ಬರೆದು ಸಹಿ ಹಾಕಿ ಕೊಡಲ್ಲ ಅಂದ್ರೆ, ಪಾಂಡವಪುರದಲ್ಲಿ ಇನ್ನೊಬ್ಬ ಏಜೆಂಟ್ ಸಿಗ್ತಾನೆ ಬಿಡಿ.